ಉಕ್ಕಡದ ಒಂಟಿಯಾಟ

ನಾನು ಈ ಊರಿಗೆ ಸೊಸೆಯಾಗಿ ಬಂದ ಕೆಲವೇ ವರ್ಷಕ್ಕೆ ಪಾಲಾಕ್ಷಯ್ಯನವರಿಗೂ ನನಗೂ ಜಗಳ ಹತ್ತಿಕೊಂಡಿತು. ಅವರು ಊರ ಬಾಗಿಲ ಕಾವಲುಮನೆಯಾದ ಉಕ್ಕಡದಲ್ಲಿ ಕೂತು ಇಸ್ಪೀಟಿನ ಎಲೆ ಹಾಕುವವರು, ನಾನು ಹಪ್ಪಳ ಮಾಡಿ ಮಾರುವವಳು. ನಮ್ಮೂರಲ್ಲಿ ಸಂಜೆ ದನ ಕೊಟ್ಟಿಗೆ ಸೇರುವ ಹೊತ್ತಿಗೆ ಗುಡ್ಡದ ಮೇಲಿನಿಂದ ಮಂಜು ಇಳಿದು ಬಂದು ಕೇರಿ ಕೇರಿಯಲ್ಲೂ ಮಲಗಿಬಿಡುತ್ತದೆ. ಮಾರನೆಯ ಬೆಳಿಗ್ಗೆ ಉಕ್ಕಡದ ಕಲ್ಲುಕೋಣೆಯಲ್ಲಿ ಒಬ್ಬರು ಕೂತು, ಒಂಟಿಯಾಟ ಆಡಿ, ಕೊನೆಯ ಎಲೆಯನ್ನು ಅದರ ಜಾಗಕ್ಕೆ ಇಟ್ಟ ಮೇಲೆಯೇ ಅದು ಏಳುವುದು. ಆಟ ಬೇಗ ಮುಗಿದರೆ ಬೇಗ ಬಿಸಿಲು, ತಡವಾದರೆ ತಡವಾಗಿ ಬಿಸಿಲು. ಊರಿನವರೆಲ್ಲ ಇದಕ್ಕೆ ಒಗ್ಗಿಕೊಂಡಿದ್ದರು. ಮನೆಯಿಂದ ಮನೆಗೆ ಹಗ್ಗ ಎಳೆದು ಕಟ್ಟಿದ್ದರು. ಬಾವಿಗೆ ಹೋಗುವ ಹಗ್ಗಕ್ಕೆ ಗಂಟು, ಅಂಗಡಿಬೀದಿಯ ಹಗ್ಗಕ್ಕೆ ಬಟ್ಟೆಚೂರು. ತಿರುವು ಬಂತೆಂದರೆ ಎಲ್ಲರೂ ಕೆಮ್ಮುತ್ತಿದ್ದರು, ಎದುರಿನಿಂದ ಬರುವವರಿಗೆ ಗೊತ್ತಾಗಲಿ ಅಂತ. ಹಾಲಿನವನು ಹಾಲು ಎಂದು ಕೂಗದೆ ತನ್ನ ಹೆಸರನ್ನೇ ಕೂಗಿಕೊಂಡು ಬರುತ್ತಿದ್ದ. ಲಗ್ನಪತ್ರಿಕೆಯಲ್ಲಿ ಮುಹೂರ್ತದ ಕೆಳಗೆ ‘ಮಂಜೆದ್ದ ನಂತರ’ ಎಂದು ಅಚ್ಚು ಹಾಕಿಸುತ್ತಿದ್ದರು.

ಹಪ್ಪಳದ ಹಿಟ್ಟಿಗೆ ಈ ಹೊಂದಾಣಿಕೆಯೆಲ್ಲ ಗೊತ್ತಾಗುವುದಿಲ್ಲ. ನಾದಿಟ್ಟ ಮೇಲೆ ಅದಕ್ಕೆ ಬಿಸಿಲು ಬೇಕು, ಅದೂ ಹೊತ್ತಿಗೆ ಸರಿಯಾಗಿ. ನಾನೂ ಪಕ್ಕದ ಮನೆಯ ಕೆಂಪಾಜಿಯೂ ಸೇರಿ ಹಪ್ಪಳ ಮಾಡುತ್ತಿದ್ದೆವು. ಇಬ್ಬರ ಗಂಡಂದಿರೂ ಹೆಚ್ಚು ದಿನ ಬಾಳಲಿಲ್ಲ, ಇಬ್ಬರಿಗೂ ಮಕ್ಕಳಿಲ್ಲ. ಗೋಡೆಯ ಆಚೆ ಅವಳು, ಈಚೆ ನಾನು ಒಬ್ಬೊಬ್ಬರೇ ಅಳುತ್ತ ಕೂರುವುದಕ್ಕಿಂತ ಒಂದು ಕಡೆ ಕೂತು ಉದ್ದು ಬೀಸುವುದು ಮೇಲು ಅನ್ನಿಸಿ ಶುರುಮಾಡಿದ್ದು. ಕೆಂಪಾಜಿ ಒತ್ತಿದ ಹಪ್ಪಳ ಹಿಡಿದರೆ ಆಚೆಯ ಬೆರಳು ಕಾಣುತ್ತಿತ್ತು. ಆದರೆ ಅವಳು ನಾಲ್ಕು ಜನರ ಮುಂದೆ ಬಾಯಿ ಬಿಡುವವಳಲ್ಲ, ಹಾಗಾಗಿ ಮಾರುವ ಕೆಲಸ ನನ್ನದು. ಅವಳ ಕೈ, ನನ್ನ ಬಾಯಿ ಎಂದು ಊರವರು ಹೇಳುತ್ತಿದ್ದರು. ಆ ಬಾಯಿಯನ್ನು ನಾನು ದಿನಾ ಬೆಳಿಗ್ಗೆ ಉಕ್ಕಡದ ಕಿಟಕಿಗೂ ತೆಗೆದುಕೊಂಡು ಹೋಗುತ್ತಿದ್ದೆ.

“ಏನ್ ಸ್ವಾಮಿ, ಎಲೆ ಹಾಕ್ತಿದ್ದೀರೋ, ಮೊಟ್ಟೆ ಇಡ್ತಿದ್ದೀರೋ? ಹಿಟ್ಟು ಹುಳಿ ಬರ್ತಾ ಇದೆ!”

ಒಳಗಿನಿಂದ ಬರುತ್ತಿದ್ದುದು ಎಲೆಗಳು ಮಣೆಯ ಮೇಲೆ ಬೀಳುವ ಪಟ್ ಪಟ್ ಸದ್ದು ಮಾತ್ರ. ಆ ಸದ್ದು ಕೇಳಿದಷ್ಟೂ ನನಗೆ ಉರಿಯುತ್ತಿತ್ತು. ಮುದುಕನಿಗೆ ಬೇಕೆಂತಲೇ ನಿಧಾನ ಮಾಡುವ ಹಟ ಎಂದು ನಾನು ನಂಬಿದ್ದೆ.

ಒಂದು ಬೆಳಿಗ್ಗೆ ಆ ಸದ್ದು ನಿಂತಿತು. ಪಾಲಾಕ್ಷಯ್ಯನವರಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ನಾಲಿಗೆ ಮೂರೂ ಬಿದ್ದುಹೋದವು. ಅವರನ್ನು ಹಗ್ಗ ಹಿಡಿದುಕೊಂಡೇ ಮನೆಗೆ ಹೊತ್ತು ತಂದರು. ಅವತ್ತು ಮಂಜು ಏಳಲಿಲ್ಲ. ಮಾರನೆಯ ದಿನವೂ ಏಳಲಿಲ್ಲ. ಒಂದು ವಾರ ಜನ ತಮಾಷೆ ಮಾಡಿಕೊಂಡಿದ್ದರು, ಆಮೇಲೆ ತಮಾಷೆ ನಿಂತಿತು. ತೊಳೆದ ಬಟ್ಟೆ ಒಣಗಲಿಲ್ಲ. ಉಪ್ಪು ನೀರಾಯಿತು. ಘಾಟಿ ಹತ್ತುವ ಬಂಡಿಗಳು ಅರ್ಧ ದಾರಿಯಿಂದಲೇ ವಾಪಸಾದವು. ಮಕ್ಕಳ ಕೆಮ್ಮು ಯಾವುದು, ತಿರುವಿನ ಕೆಮ್ಮು ಯಾವುದು ಅನ್ನುವುದೇ ತಿಳಿಯದಾಯಿತು.

ಉಕ್ಕಡದ ಎಲೆಗಳನ್ನು ಆಡುತ್ತಿದ್ದವರು ತಮ್ಮ ಕೈಯಾರೆ ಮುಂದಿನವರಿಗೆ ಕೊಡಬೇಕು, ಹಾಗೆ ಕೊಟ್ಟರೆ ಮಾತ್ರ ಆ ಆಟ ಮಂಜಿಗೆ ಸಲ್ಲುತ್ತದೆ. ಊರಿನ ಯಜಮಾನ ತೋಟಪ್ಪನವರು ದಿನಕ್ಕೊಬ್ಬರನ್ನು ಮುದುಕರ ಮಂಚದ ಹತ್ತಿರ ಕರೆದುಕೊಂಡು ಹೋದರು. ರಮ್ಮಿಯಲ್ಲಿ ಹೆಸರಾದ ತಮ್ಮ ಭಾವಮೈದನನ್ನು ಕರೆದುಕೊಂಡು ಹೋದರು, ಲೆಕ್ಕದ ಮೇಷ್ಟರನ್ನು ಕರೆದುಕೊಂಡು ಹೋದರು, ಬೆಳಗಿನಿಂದ ಸಂಜೆಯವರೆಗೆ ಕೂತಲ್ಲೇ ಕೂರುವ ಒಬ್ಬ ಜಪದವರನ್ನೂ ಕರೆದುಕೊಂಡು ಹೋದರು. ಪಾಲಾಕ್ಷಯ್ಯನವರು ಎಡಗೈಯಲ್ಲಿ ಎಲೆಗಳ ಕಟ್ಟನ್ನು ಹಿಡಿದು ಕಂಬಳಿಯೊಳಗೆ ಅಡಗಿಸಿಕೊಂಡು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು.

ಆಗ ಒಂದು ಮಧ್ಯಾಹ್ನ ಕೆಂಪಾಜಿ ನನ್ನ ಮನೆಗೆ ಬಂದು, ಹೊಸಿಲಲ್ಲೇ ನಿಂತು, “ದೇವೀರಿ, ನಾನು ಹೋಗ್ತೀನಿ ಕಣೇ” ಅಂದಳು.

“ಎಲ್ಲಿಗೆ?”

“ಕೆಳಗೆ. ನಮ್ಮಣ್ಣನ ಊರಿಗೆ. ಸೋಮವಾರ ತೋಟಪ್ಪನೋರು ಬಂಡಿ ಕಟ್ಟಿಸ್ತಾರಂತೆ, ಹೋಗೋರೆಲ್ಲ ಒಟ್ಟಿಗೆ ಹೋಗೋದು ಅಂತ ಆಗಿದೆ. ನೀನೂ ಬಾ.”

“ನಿಮ್ಮಣ್ಣನ ಮನೇಲಿ ನನಗೇನಿದೆ?”

“ನನಗೆ ತಾನೆ ಏನಿದೆ? ಎದೆ ಕಟ್ಟಿಕೊಳ್ತದೆ ಕಣೇ, ಉಸಿರಿಗೆ ಬರೀ ನೀರು ಬಂದಂಗಾಗ್ತದೆ.” ಅವಳು ಅಳುತ್ತಿರಲಿಲ್ಲ. ಅದೇ ನನ್ನನ್ನು ಹೆದರಿಸಿತು. ಕೆಂಪಾಜಿ ನಿರ್ಧಾರ ಮಾಡಿದ ಮೇಲೆ ಅಳುವವಳಲ್ಲ.

ಅವಳು ಹೋದ ಮೇಲೆ ನನಗೆ ಒಳಗೆ ಕೂರಲು ಆಗಲಿಲ್ಲ. ಹಗ್ಗ ಹಿಡಿದು ನೇರ ಪಾಲಾಕ್ಷಯ್ಯನವರ ಮನೆಗೆ ಹೋದೆ. ತೋಟಪ್ಪನವರು ಇನ್ನೊಬ್ಬರನ್ನು ಕರೆತಂದು ಕೂರಿಸಿಕೊಂಡಿದ್ದರು. ನಾನು ಅವರನ್ನೆಲ್ಲ ದಾಟಿ ಮಂಚದ ಹತ್ತಿರ ಹೋಗಿ ನಿಂತೆ.

“ಕಾಯಿಲೆಯೋರನ್ನ ಬೈಬಾರದು ಅಂತಾರೆ. ಆದ್ರೂ ಬೈತೀನಿ, ಕೇಳಿಸ್ಕೊಳ್ಳಿ. ನಿಮ್ಮ ಕೈ ಬಿದ್ದುಹೋಯ್ತು, ದೇವರಿಚ್ಛೆ. ಊರಿನ ಕೈಯನ್ನೂ ಯಾಕೆ ಕಟ್ಟಿ ಹಾಕಿದ್ದೀರಿ? ಯಾರಿಗಾದ್ರೂ ಕೊಡಿ. ಬೀದಿ ನಾಯಿಗಾದ್ರೂ ಕೊಟ್ಟು ಪುಣ್ಯ ಕಟ್ಕೊಳ್ಳಿ!”

ಪಾಲಾಕ್ಷಯ್ಯನವರು ಈ ಕಡೆ ತಿರುಗಿದರು. ಅಷ್ಟು ವರ್ಷ ಕಿಟಕಿಯಾಚೆಯಿಂದ ಬೈದಿದ್ದೆನೇ ಹೊರತು ಅವರ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅರ್ಧ ಮುಖ ಜೋತುಬಿದ್ದಿತ್ತು, ಉಳಿದರ್ಧ ನಗುತ್ತಿತ್ತು. ಕಂಬಳಿಯೊಳಗಿಂದ ಎಡಗೈ ಹೊರಬಂತು. ಎಣ್ಣೆಗಪ್ಪಾದ ಎಲೆಗಳ ಕಟ್ಟನ್ನು ಅವರು ನನ್ನ ಅಂಗೈ ಮೇಲೆ ಇಟ್ಟರು.

“ಅಯ್ಯೋ ಶಿವನೇ,” ಎಂದು ತೋಟಪ್ಪನವರು ಎದ್ದೇ ನಿಂತರು, “ಇವಳಿಗೆ ಕಾಯಿ ಸುಲಿಯೋಷ್ಟು ಹೊತ್ತಿನ ತಾಳ್ಮೆ ಇಲ್ಲವಲ್ಲ!”

ಮುದುಕರು ಏನೋ ತೊದಲಿದರು. ಅವರ ಹೆಂಡತಿ ಶಾಂತವೀರಮ್ಮನವರು ಬಗ್ಗಿ ಕೇಳಿಸಿಕೊಂಡರು. ಗಂಡನ ತೊದಲು ಅರ್ಥವಾಗುತ್ತಿದ್ದುದು ಅವರೊಬ್ಬರಿಗೇ. “ಮಿಕ್ಕವರು ಮಂಜು ಎದ್ದರೂ ಸರಿ, ಮಲಗಿದರೂ ಸರಿ ಅಂತ ಇದ್ದೋರು, ಬಿಸಿಲು ಬೇಕು ಅಂತ ದಿನಾ ಬಂದು ಜಗಳ ಆಡಿದ್ದು ಇವಳೊಬ್ಬಳೇ, ಇವಳೇ ಆಡಲಿ, ಅಂತಿದ್ದಾರೆ.”

ನನಗೆ ಇಸ್ಪೀಟಿಗೂ ಕಳಾವರಕ್ಕೂ ವ್ಯತ್ಯಾಸ ಗೊತ್ತಿರಲಿಲ್ಲ. ನನ್ನ ತವರಿನಲ್ಲಿ ಎಲೆ ಮುಟ್ಟಿದರೆ ಕೈ ತೊಳೆಸುತ್ತಿದ್ದರು. ಮಂಚದ ಪಕ್ಕ ಚಾಪೆ ಹಾಕಿ ಕೂತೆ. ಮುದುಕರು ಎಡಗೈಯಲ್ಲಿ ಬೀಸಣಿಗೆ ಹಿಡಿದುಕೊಂಡರು, ಗಾಳಿ ಹಾಕಿಕೊಳ್ಳಲು ಅಲ್ಲ, ತಪ್ಪು ಮಾಡಿದಾಗ ಅದರ ಹಿಡಿಯಿಂದ ನನ್ನ ಮಣಿಕಟ್ಟಿಗೆ ಹೊಡೆಯಲು.

ಶಾಂತವೀರಮ್ಮನವರು ಬಾಯಿಪಾಠ ಬಂದವರಂತೆ ಹೇಳಿಕೊಟ್ಟರು. “ಏಳು ಸಾಲು ಹಾಕಮ್ಮ. ಮೊದಲ್ನೇದಕ್ಕೆ ಒಂದು ಎಲೆ, ಎರಡನೇದಕ್ಕೆ ಎರಡು, ಹಂಗೇ ಏಳರವರೆಗೆ. ಸಾಲಿನ ಕೊನೇ ಎಲೆ ಅಂಗಾತ, ಮಿಕ್ಕಿದ್ದೆಲ್ಲ ಬೋರಲು. ಅಂಗಾತ ಇರೋದರ ಮೇಲೆ ಅದಕ್ಕಿಂತ ಒಂದು ಕಮ್ಮಿದು ಇಡಬೇಕು, ಕೆಂಪಿನ ಮೇಲೆ ಕಪ್ಪು, ಕಪ್ಪಿನ ಮೇಲೆ ಕೆಂಪು. ಮೇಲಿಂದು ಹೋದ್ರೆ ಬೋರಲಿರೋದನ್ನ ಮಗುಚು. ಎಕ್ಕ ಸಿಕ್ಕಿದ್ರೆ ಮೇಲಕ್ಕೆ ಎತ್ತಿಡು, ಅದರ ಮೇಲೆ ಅದೇ ಜಾತಿದು ಎರಡು, ಮೂರು, ಹಂಗೇ ರಾಜನವರೆಗೆ. ನಾಲ್ಕು ಜಾತೀನೂ ರಾಜನ ಹತ್ರ ಬಂದು ನಿಂತ್ರೆ ಆಟ ಗೆದ್ದಂಗೆ.”

“ಕೈಯಲ್ಲಿ ಮಿಕ್ಕಿರೋ ಎಲೆ?”

“ಅದು ಕಟ್ಟು. ಸಾಲಲ್ಲಿ ದಾರಿ ಮುಚ್ಚಿಹೋದಾಗ ಅದರಿಂದ ತೆಗೆದು ತೆಗೆದು ನೋಡೋದು. ಸಾಲು ಪೂರಾ ಖಾಲಿಯಾದ್ರೆ ಆ ಜಾಗಕ್ಕೆ ರಾಜ ಮಾತ್ರ ಬರಬೇಕು, ಇನ್ಯಾರೂ ಬರಂಗಿಲ್ಲ.”

ಕೇಳಲು ಇಷ್ಟೇ. ಆಡಲು ಕೂತರೆ ನನ್ನ ಕೈ ನನ್ನ ಮಾತು ಕೇಳಲಿಲ್ಲ. ಎಲ್ಲಿ ಯಾವ ಎಲೆ ಕೂರುತ್ತದೋ ತಕ್ಷಣ ಕೂರಿಸಿಬಿಡುತ್ತಿದ್ದೆ. ಎರಡು ಕಂಡರೆ ಎತ್ತಿದೆ, ಮೂರು ಕಂಡರೆ ಎತ್ತಿದೆ, ಐದೂ ಆರೂ ಮೇಲೇರಿ ಕೂತವು. ಆಮೇಲೆ ನೋಡಿದರೆ ಕೆಳಗೆ ಕಪ್ಪು ನಾಲ್ಕಕ್ಕೆ ಕೂರಲು ಒಂದು ಕೆಂಪು ಐದೂ ಉಳಿದಿಲ್ಲ. ಮಣಿಕಟ್ಟಿಗೆ ಬೀಸಣಿಗೆ ಬೀಳುತ್ತಿತ್ತು. “ಎತ್ತೋಕೆ ಆಗುತ್ತೆ ಅಂತ ಎತ್ತಬೇಡ, ಕೆಳಗೆ ಯಾರಿಗಾದ್ರೂ ಅದರ ಆಸರೆ ಬೇಕಾ ನೋಡು, ಅಂತಿದ್ದಾರೆ.” ಎರಡನೆಯ ದಿನ ಸಿಟ್ಟು ತಡೆಯಲಾರದೆ ಎಲೆಗಳನ್ನೆಲ್ಲ ಬಾಚಿ ಎಸೆದೆ. ಒಂದಷ್ಟು ಮಂಚದ ಕೆಳಗೆ ಹೋದವು. ಆಟಿನ್ ಗುಲಾಮ ಮೂಲೆಯಲ್ಲಿದ್ದ ರಾಗಿ ಮಡಕೆಯೊಳಗೆ ಬಿದ್ದ. ಮುದುಕರು ಕಣ್ಣು ಮುಚ್ಚಿಕೊಂಡು ಮಲಗಿದರು. ನಾನು ಅಂಬೆಗಾಲಿಟ್ಟು ಒಂದೊಂದೇ ಎಲೆ ಆರಿಸಿ ಸೀರೆಯಂಚಿನಲ್ಲಿ ಒರೆಸಿ, ಎಣಿಸಿ, ಮತ್ತೆ ಕೂತಾಗ ಅವರ ಕಣ್ಣು ತೆರೆದೇ ಇತ್ತು.

ಬೆಳಿಗ್ಗೆ ಉಕ್ಕಡದಲ್ಲಿ ಆಡಿ ಸೋಲುವುದು, ಮಧ್ಯಾಹ್ನ ಅವರ ಮನೆಗೆ ಬಂದು ಹೊಡೆಸಿಕೊಳ್ಳುವುದು. ಹೀಗೆ ನಡೆಯಿತು. ನಾನು ಬೀದಿಯಲ್ಲಿ ಕೆಮ್ಮಿಕೊಂಡು ಹೋದರೆ ಮಂಜಿನೊಳಗಿಂದ ಯಾರೋ, “ಇವತ್ತಾದ್ರೂ ಆಯ್ತಾ ದೇವೀರಮ್ಮ?” ಎಂದು ಕೇಳುತ್ತಿದ್ದರು. ಮುಖ ಕಾಣದ ಜನಕ್ಕೆ ಉತ್ತರ ಕೊಡುವುದು ಸುಲಭ. ಕೆಂಪಾಜಿಗೆ ಉತ್ತರ ಕೊಡುವುದು ಕಷ್ಟವಾಗಿತ್ತು. ಅವಳು ಗೋಡೆಯಾಚೆ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುವ ಸದ್ದು ದಿನಾ ಕೇಳುತ್ತಿತ್ತು.

ಶನಿವಾರ ಒಂದು ಆಟ ಹಿಡಿದುಕೊಂಡೆ, ಬಿಡಲಿಲ್ಲ. ಮುದುಕರ ಮಂಚದ ಪಕ್ಕ ಊಟಕ್ಕೂ ಏಳದೆ ಕೂತಿದ್ದೆ. ಕಟ್ಟನ್ನು ಮತ್ತೆ ಮತ್ತೆ ತಿರುವಿ ಹಾಕಿದೆ, ಅದೇ ಎಲೆಗಳು ಅದೇ ಕ್ರಮದಲ್ಲಿ ಬರುತ್ತಿದ್ದವು. ಬೇಕಾದ ಎಕ್ಕ ಎಲ್ಲೋ ಬೋರಲಾಗಿ ಬಿದ್ದಿತ್ತು, ಅದರ ಮೇಲಿನವರು ಕದಲುತ್ತಿರಲಿಲ್ಲ. ಆದರೂ ಬಿಡಬಾರದು, ಈ ಸಲ ತಾಳ್ಮೆ ತೋರಿಸಿಯೇ ತೀರಬೇಕು ಎಂದು ಹಲ್ಲು ಕಚ್ಚಿ ಕೂತಿದ್ದೆ. ಮುದುಕರು ಗೊರಗೊರ ಸದ್ದು ಮಾಡತೊಡಗಿದರು. ಉಸಿರು ಸಿಕ್ಕಿಕೊಂಡಿತೇನೋ ಎಂದು ಗಾಬರಿಯಾಗಿ ನೋಡಿದರೆ ಅವರು ನಗುತ್ತಿದ್ದರು.

ಶಾಂತವೀರಮ್ಮನವರಿಗೂ ನಗು ಬಂದಿತ್ತು. “ಅದು ಆಗಲೇ ಸತ್ತಿದೆಯಂತಮ್ಮ. ಹೆಣ ಹೊತ್ಕೊಂಡು ಯಾಕೆ ತಿರುಗ್ತೀಯ, ಇಳಿಸಿ ಬೇರೆ ಹಾಕು, ಅಂತಿದ್ದಾರೆ.”

“ಸೋತೆ ಅಂತ ಒಪ್ಕೊಳ್ಳೋದಾ?”

ಮುದುಕರು ಹೂಂ ಎಂಬಂತೆ ತಲೆಯಾಡಿಸಿದರು, ಆಮೇಲೆ ಬಹಳ ಹೊತ್ತು ತೊದಲಿದರು. ಶಾಂತವೀರಮ್ಮ ನಡುನಡುವೆ “ಹೌದಾ?”, “ನನಗೆ ಹೇಳೇ ಇಲ್ಲವಲ್ಲ” ಅನ್ನುತ್ತಿದ್ದರು. ಕೊನೆಗೆ ನನ್ನ ಕಡೆ ತಿರುಗಿದಾಗ ಅವರ ಮುಖವೇ ಬೇರೆಯಾಗಿತ್ತು. “ದಿನಾ ಸೋಲ್ತಿದ್ರಂತೆ ಕಣಮ್ಮ. ಮೊದಲ ಆಟಕ್ಕೇ ಗೆದ್ದ ದಿನ ವರ್ಷದಲ್ಲಿ ಬೆರಳೆಣಿಕೆಯಷ್ಟೂ ಇಲ್ಲವಂತೆ. ಸೋತು, ಎಲೆ ಕಲಸಿ, ಮತ್ತೆ ಹಾಕಿ, ಮತ್ತೆ ಸೋತು... ಎಷ್ಟೋ ಆಟ ಹಾಕಿದಾಗಲೇ ಸತ್ತಿರ್ತಾವಂತೆ, ಯಾರು ಕೂತರೂ ಬದುಕಲ್ಲವಂತೆ. ಸೋತಿದ್ದು ಬೇಗ ಗೊತ್ತಾಗಬೇಕು, ಗೊತ್ತಾದ ಮೇಲೆ ಸಿಟ್ಟಿಲ್ಲದೆ ಮುಂದಿನದು ಹಾಕಬೇಕು. ಕಲಿಯೋಕೆ ಇರೋದು ಅದೊಂದೇ ಅಂತೆ.”

“ಹಂಗಾದ್ರೆ,” ಎಂದೆ, “ನಾನು ಕಿಟಕೀಲಿ ನಿಂತು ಬೈತಿದ್ದಾಗ ನೀವು ಒಳಗೆ ಸೋಲ್ತಾ ಇದ್ರಾ?”

ಮುದುಕರು ಹೌದೆಂದು ಕಣ್ಣು ಮಿಟುಕಿಸಿದರು. ಅವರು ತೊದಲಿ ಸೇರಿಸಿದ ಮಾತನ್ನು ಶಾಂತವೀರಮ್ಮ ಹೇಳಿದರು. “ನಿನ್ನ ಬೈಗುಳ ಕೇಳಿ ಇನ್ನೊಂದಾಟ ಹಾಕೋಕೆ ಹುರುಪು ಬರ್ತಿತ್ತಂತೆ.”

ನಾನು ಸತ್ತ ಆಟವನ್ನು ಒಟ್ಟು ಮಾಡಿದೆ. ಆ ಸಂಜೆಯಿಂದ ನನ್ನ ಕೈ ಬೇರೆಯಾಯಿತು. ಎಲೆ ಹಾಕಿದ ಮೇಲೆ ಮುಟ್ಟದೆ ಸುಮ್ಮನೆ ನೋಡುವುದು ಬಂತು. ಅವಸರ ಹೋಯಿತು ಎಂದಲ್ಲ, ಅದು ನನ್ನ ಹುಟ್ಟುಗುಣ. ಆದರೆ ಅವಸರವನ್ನು ಸೋತ ಆಟ ಬಿಡುವುದಕ್ಕೆ ಬಳಸತೊಡಗಿದೆ, ಎಲೆ ಎತ್ತುವುದಕ್ಕಲ್ಲ. ಭಾನುವಾರ ಒಂದು ಆಟ ಗೆಲ್ಲುವ ತನಕ ಬಂದು ಎರಡೇ ಬೋರಲೆಲೆ ಮಗುಚಲಾಗದೆ ನಿಂತಿತು. ಬೀಸಣಿಗೆ ಒಂದು ಸಲವೂ ಬೀಳಲಿಲ್ಲ.

ಸೋಮವಾರ ಬಂಡಿಗಳು ಉಕ್ಕಡದ ಮುಂದೆಯೇ ಬಂದು ನಿಂತವು, ಊರು ಬಿಡುವ ದಾರಿ ಅದೊಂದೇ. ಎತ್ತಿನ ಕೊರಳಿಗೆ ದೊಡ್ಡ ಗಂಟೆ ಕಟ್ಟಿದ್ದರು, ಹಗಲಲ್ಲೇ ಲಾಟೀನು ಹಚ್ಚಿದ್ದರು. ಶಾಂತವೀರಮ್ಮನವರು ಹಟ ಮಾಡಿ ಗಂಡನನ್ನು ಕುರ್ಚಿಯಲ್ಲಿ ಹೊರಿಸಿಕೊಂಡು ಬಂದು ಉಕ್ಕಡದ ಜಗಲಿಯ ಮೇಲೆ ಕಂಬಳಿ ಹೊದೆಸಿ ಕೂರಿಸಿದ್ದರು. ನಾನು ಬೆಳಗಿನಿಂದ ಆಡುತ್ತಿದ್ದೆ. ಸೋತೆ, ಕಲಸಿದೆ, ಹಾಕಿದೆ. ಸೋತೆ, ಕಲಸಿದೆ, ಹಾಕಿದೆ. ಹೊರಗೆ ಸಾಮಾನು ಏರಿಸುವ ಗದ್ದಲ. ಕಿಟಕಿಯಲ್ಲಿ ಕೆಂಪಾಜಿಯ ದನಿ ಕೇಳಿದಾಗ ನಾನು ಒಂದು ಆಟದ ನಡುವೆ ಇದ್ದೆ.

“ದೇವೀರಿ, ಹೊರಡ್ತಾ ಇದ್ದಾರೆ ಕಣೇ. ಒಂದು ಸಲ ಹೊರಗೆ ಬಾರೇ, ಮುಖ ನೋಡಿ ಹೋಗ್ತೀನಿ.”

ನಾನು ತಲೆಯೆತ್ತಲಿಲ್ಲ. ಮೂರು ಎಕ್ಕ ಮೇಲಿದ್ದವು, ಇಸ್ಪೀಟಿನದು ಮಾತ್ರ ಇರಲಿಲ್ಲ. ಒಂದು ಸಾಲು ಖಾಲಿಯಾಗಿತ್ತು. ಕಟ್ಟಿನಿಂದ ಆಗಷ್ಟೇ ಆಟಿನ್ ರಾಜ ಬಂದು ನನ್ನ ಕೈಲಿದ್ದ. ಕಪ್ಪು ರಾಣಿಯೊಬ್ಬಳು ಅವನಿಗಾಗಿಯೇ ಕಾದವಳಂತೆ ಎದುರಿಗಿದ್ದಳು. ಇಟ್ಟುಬಿಡು ಎಂದು ಕೈ ತುರಿಸುತ್ತಿತ್ತು. ಆದರೆ ಪಕ್ಕದ ಸಾಲಿನಲ್ಲಿ ಕಳಾವರದ ರಾಜ ಬೋರಲೆಲೆಗಳ ರಾಶಿಯ ಮೇಲೆ ಕುಕ್ಕರಿಸಿದ್ದ. ಇರೋದು ಒಂದೇ ಜಾಗ. ಯಾರು ಎದ್ದರೆ ಕೆಳಗಿನವರಿಗೆ ಉಸಿರು ಬರುತ್ತದೆ ಎಂದು ನೋಡಿದೆ.

“ಕೆಂಪಾಜಿ,” ಎಂದೆ, “ಬಂಡಿ ಹತ್ತಬೇಡ. ಇನ್ನೊಂದ್ ಗಳಿಗೆ ನಿಂತ್ಕೋ.”

“ಎತ್ತು ನಿಲ್ತಾ ಇಲ್ಲ ಕಣೇ.”

“ಎತ್ತಿನ ಮೂಗುದಾರ ಹಿಡ್ಕೊಂಡು ನಿಂತ್ಕೋ. ನಾನು ಹೇಳಿದೆ ಅಂತ ಹೇಳು.”

ಆಟಿನ್ ರಾಜನನ್ನು ಹಾಗೇ ಬಿಟ್ಟು ಕಳಾವರದ ರಾಜನನ್ನು ಎತ್ತಿ ಖಾಲಿ ಸಾಲಿಗೆ ಇಟ್ಟೆ. ಅವನ ಕೆಳಗಿನ ಎಲೆಯನ್ನು ಮಗುಚಿದೆ. ಡೈಮನ್ ರಾಣಿ. ಅವಳು ಎದ್ದು ಹೋಗಿ ಅವನ ಮೇಲೆಯೇ ಕೂತಳು. ಅವಳ ಕೆಳಗಿನದನ್ನು ಮಗುಚಿದೆ. ಇಸ್ಪೀಟಿನ ಎಕ್ಕ.

ನನ್ನ ಬಾಯಿಂದ ಏನು ಸದ್ದು ಬಂತೋ ಗೊತ್ತಿಲ್ಲ, ಹೊರಗೆ ಗದ್ದಲ ಒಮ್ಮೆಲೇ ನಿಂತಿತು. ಎಕ್ಕ ಮೇಲೆ ಹೋಯಿತು, ಕಾದಿದ್ದ ಎರಡು ಹೋಯಿತು, ಮೂರು ಹೋಯಿತು. ಕೆಂಪು ಐದಕ್ಕೆ ಕೈ ಹೋಯಿತು, ತಡೆದೆ. ಅದರ ಮೇಲೆ ಕಳಾವರದ ನಾಲ್ಕನ್ನು ಇಳಿಸಿದೆ, ಮತ್ತೊಂದು ಎಲೆ ಅಂಗಾತವಾಯಿತು. ಆಮೇಲೆ ತಡೆಯುವುದು ಏನೂ ಉಳಿಯಲಿಲ್ಲ. ಅಷ್ಟು ದಿನ ಒಬ್ಬರಿಗೊಬ್ಬರು ಅಡ್ಡ ನಿಂತಿದ್ದವರು ದಾರಿ ಬಿಡುತ್ತ, ಒಬ್ಬರ ಹಿಂದೊಬ್ಬರು ಎದ್ದು ತಮ್ಮ ತಮ್ಮ ಜಾತಿಗೆ ಸೇರಿಕೊಂಡರು. ಏಳು, ಎಂಟು, ಒಂಬತ್ತು. ಗುಲಾಮರು, ರಾಣಿಯರು. ಮಣೆ ಖಾಲಿಯಾಗುತ್ತ ಬಂತು. ನಾಲ್ಕು ರಾಜರಲ್ಲಿ ಮೂವರನ್ನು ಇಟ್ಟೆ. ಕೊನೆಯವನನ್ನು ಕೈಯಲ್ಲಿ ಹಿಡಿದಾಗ ಇಡಲು ಹೆದರಿಕೆಯಾಯಿತು. ಇಟ್ಟೂ ಮಂಜು ಏಳದಿದ್ದರೆ? ಕಣ್ಣು ಮುಚ್ಚಿಕೊಂಡು ಇಟ್ಟೆ.

ಏನೂ ಕೇಳಲಿಲ್ಲ. ನಾನು ಹಾಗೇ ಕೂತಿದ್ದೆ. ಆಮೇಲೆ, ನಾಲ್ಕು ಜನರ ಮುಂದೆ ಬಾಯಿ ಬಿಡದ ಕೆಂಪಾಜಿ ಊರಿಗೆಲ್ಲ ಕೇಳುವ ಹಾಗೆ ಕಿರುಚಿದಳು.

“ದೇವೀರೀ! ನನ್ನ ಕೈ ಕಾಣ್ತಿದೆ ಕಣೇ! ಎತ್ತು ಕಾಣ್ತಿದೆ! ಅಯ್ಯೋ, ಬಾವಿ ಕಾಣ್ತಿದೆ!”

ಬಾಗಿಲಿಗೆ ಓಡಿದೆ. ಮಂಜು ಬೀದಿಯಿಂದ ಮೊಣಕಾಲಿನೆತ್ತರ, ಸೊಂಟದೆತ್ತರ ಎದ್ದು, ಮನೆಗಳ ಮಾಡುಗಳನ್ನು ಬಿಟ್ಟು, ಗುಡ್ಡದ ಕಡೆ ಹೊರಟಿತ್ತು. ಅದರ ಅಡಿಯಿಂದ ಬಿಸಿಲು ಬಂದು ಬೀದಿಯಲ್ಲಿ ಬಿದ್ದಿತು. ಜಗಲಿಯ ಮೇಲೆ ಪಾಲಾಕ್ಷಯ್ಯನವರು ಕಂಬಳಿ ಕೆಳಗೆ ಬೀಳಿಸಿಕೊಂಡು, ಎಡಗೈ ಚಾಚಿ, ಒಂದೊಂದನ್ನೂ ತೋರಿಸಿ ತೊದಲುತ್ತಿದ್ದರು. ಹೆಂಚು, ಹಗ್ಗ, ಹುಣಸೆಮರ, ಮೂಗುದಾರ ಹಿಡಿದು ನಿಂತಿದ್ದ ಕೆಂಪಾಜಿ. ಕಣ್ಣಿಂದ ನೀರು ಇಳಿದು ಜೋತ ಕೆನ್ನೆಯ ಮೇಲೆ ಹರಿಯುತ್ತಿತ್ತು.

“ಏನಂತಾರಮ್ಮ?” ಎಂದು ಕೇಳಿದೆ.

ಶಾಂತವೀರಮ್ಮನವರೂ ಕಣ್ಣೊರೆಸಿಕೊಳ್ಳುತ್ತಿದ್ದರು. “ಮಂಜು ಏಳೋದನ್ನ ಇವರು ಒಂದು ದಿನವೂ ನೋಡಿರಲಿಲ್ಲ ಕಣಮ್ಮ. ಆಟ ಮುಗಿಸಿ, ಎಲೆ ಕಟ್ಟಿಟ್ಟು, ಬಾಗಿಲಿಗೆ ಬರೋ ಹೊತ್ತಿಗೆ ಎಲ್ಲ ಆಗಿಹೋಗಿರ್ತಿತ್ತಂತೆ. ಹಿಂಗಿರುತ್ತೆ ಅಂತ ಗೊತ್ತೇ ಇರಲಿಲ್ಲವಂತೆ.”

ನಾನು ಅವರ ಪಕ್ಕ ಜಗಲಿಯ ಮೇಲೆ ಕುಸಿದು ಕೂತೆ. ಮುದುಕರು ಎಡಗೈಯನ್ನು ನನ್ನ ತಲೆಯ ಮೇಲೆ ಇಟ್ಟು, ಭಾರವಾಗಿ, ಹಾಗೇ ಬಿಟ್ಟರು. ಅಷ್ಟರಲ್ಲಿ ಊರು ಊರಾಗಿರಲಿಲ್ಲ. ಬಂಡಿಗೇರಿದ ಸಾಮಾನೆಲ್ಲ ಕೆಳಗಿಳಿಯುತ್ತಿತ್ತು, ಮನೆಯೊಳಗಿನದೆಲ್ಲ ಹೊರಗೆ ಬರುತ್ತಿತ್ತು. ಹಾಸಿಗೆ, ತೊಟ್ಟಿಲ ಬಟ್ಟೆ, ಮಕ್ಕಳ ಪುಸ್ತಕ, ಬೂಷ್ಟು ಹಿಡಿದ ಚಪ್ಪಲಿ, ತಮಟೆ, ಮೆಣಸಿನಕಾಯಿ, ಕಂಬಳಿ ಸುತ್ತಿದ ಒಬ್ಬ ಅಜ್ಜಿ, ಎಲ್ಲವನ್ನೂ ತಂದು ಬಿಸಿಲಿಗೆ ಇಟ್ಟರು. ಇಷ್ಟು ದಿನ ಕೆಮ್ಮಿಂದಲೇ ಒಬ್ಬರನ್ನೊಬ್ಬರು ಗುರುತಿಸುತ್ತಿದ್ದವರು ಮುಖ ನೋಡಿ ನೋಡಿ ನಗುತ್ತಿದ್ದರು. ಹಾಲಿನವನು ತನ್ನ ಹೆಸರು ಮರೆತು “ಹಾಲೂ, ಹಾಲೂ” ಎಂದು ಕೂಗುತ್ತ ಬರಿಗೈಯಲ್ಲಿ ಓಡಿಹೋದ.

ತೋಟಪ್ಪನವರು ಎಲ್ಲಿಂದಲೋ ಒಂದು ಚೆಂಡುಹೂವಿನ ಹಾರ ಹಿಡಿದು, ತಮಟೆಯವನನ್ನು ಬೆನ್ನಿಗಿಟ್ಟುಕೊಂಡು ಬಂದರು. ಹಿಂದೆ ಅರ್ಧ ಊರು. ಬಂಡಿಯ ಹತ್ತಿರ ಕೆಂಪಾಜಿ ಆಗಲೇ ಗೋಣಿಚೀಲ ಸುರಿದು, ಮಣೆ ಲಟ್ಟಣಿಗೆ ಹುಡುಕಿ ತೆಗೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನನ್ನೇ ನೋಡುತ್ತ ನಿಂತಿದ್ದಳು.

“ತಾಯಿ ದೇವೀರಮ್ಮ,” ಎಂದು ತೋಟಪ್ಪನವರು ಗಂಟಲು ಸರಿಮಾಡಿಕೊಂಡರು, “ಈ ಊರಿನ ಪರವಾಗಿ ನಾನು ಎರಡು ಮಾತು...”

“ಹಾರ ಆಮೇಲೆ ಹಾಕಿ ಸ್ವಾಮಿ,” ಎಂದು ನಾನು ಎದ್ದೆ. “ಮೊದಲು ದಾರಿ ಬಿಡಿ. ಬಿಸಿಲು ಹೋಗ್ತಾ ಇದೆ.”